ಅಡಿವೆಪ್ಪ ಆಯಿಯ ಹಾಡಿಗೆ ಪುಕ್ಕಟೆ ಆ್ಯಪ್ ಹುಡುಕಿದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಿಟ್ಟಿನ ಗಿರಣಿಯ ರುದ್ರಮುನೆಪ್ಪನವರು. ಅವತ್ತು ಗಿರಣಿಯ ಪಟ್ಟಾ ಹರಿದಿತ್ತು. ಅದನ್ನು ಹೊಲಿಯುತ್ತ ಕೂತ ಹೊತ್ತಿನಲ್ಲಿ, ಜೋಳದ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದ ನಾಲ್ಕೈದು ಮಂದಿಗೆ ಹೇಳಿದರು. ಮೈತುಂಬ ಹಿಟ್ಟು, ರೆಪ್ಪೆಯ ಮೇಲೂ ಹಿಟ್ಟು. ಹಣೆಯ ಮೇಲಿನದರಲ್ಲಿ ವಿಭೂತಿ ಎಷ್ಟು, ಹಿಟ್ಟು ಎಷ್ಟು ಎಂಬುದು ಶಿವನಿಗೇ ಗೊತ್ತು. ಗುರುವಿಗೆ ಶರಣು ಮಾಡಿ, ಕೇಳಿದಷ್ಟನ್ನು ಬರೆಯುತ್ತೇನೆ.

ರೋಣದ ಕಡೆ ಒಂದು ಊರು. ಆ ಊರಲ್ಲಿ ಪಾರವ್ವ ಎಂಬ ತಾಯಿ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಹೊನ್ನವ್ವ, ಮತ್ತೆ ಇಪ್ಪತ್ನಾಲ್ಕು ವರ್ಷದ ಮಗ ಅಡಿವೆಪ್ಪ. ಮಗನಿಗೆ ಮೀಸೆ ಬಂದಿತ್ತು, ತೋಳಲ್ಲಿ ಎತ್ತಿನ ಬಲ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಮಾಡುತ್ತಿರಲಿಲ್ಲ ಅಂತಲ್ಲ. ಹೇಳಿದಷ್ಟನ್ನೂ ಮಾಡುತ್ತಿದ್ದ. ಅದೇ ತೊಂದರೆ!

"ಶಿವನೇ, ಈ ಮಗನಿಗೆ ಒಂದು ಹಿಡಿ ಬುದ್ಧಿ ಕೊಡು" ಅಂತ ಪಾರವ್ವ ದಿನಾ ಕೈಮುಗಿಯುತ್ತಿದ್ದಳು.

ಆದರೆ ಪಾರವ್ವನ ಎದೆಯಲ್ಲಿದ್ದ ದೊಡ್ಡ ಚಿಂತೆ ಮಗನದಲ್ಲ, ಅತ್ತೆಯ ಹಾಡಿನದು. ಆ ಮನೆಯಲ್ಲಿ ಬೀಸುವ ಹಾಡೊಂದಿತ್ತು. ಬೀಸುವ ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ ಒಬ್ಬ ಸೊಸೆಯ ಹೆಸರು ಹೇಳುವುದು, ಮತ್ತೊಂದು ಹಿಡಿ ಹಾಕಿ ಮತ್ತೊಬ್ಬಳದು. ಹೊಸ ಸೊಸೆ ಬಂದಾಗ ಅವಳ ಅತ್ತೆಯಾದವಳು ಒಂದು ನುಡಿ ಕಟ್ಟಿ ಸೇರಿಸಬೇಕು. ಹಾಗೆ ಹೊನ್ನವ್ವನ ತನಕ ಹತ್ತು ಸೊಸೆಯಂದಿರ ಹೆಸರು ಬಂದಿತ್ತು. ಪಾರವ್ವ ಮದುವೆಯಾಗಿ ಬರುವ ಹೊತ್ತಿಗೆ ಊರಿಗೆ ಗಿರಣಿ ಬಂತು, ಕಲ್ಲು ನಿಂತಿತು, ಹಾಡೂ ನಿಂತಿತು. ಅತ್ತೆ ಪಾರವ್ವನ ಹೆಸರಿನ ನುಡಿ ಕಟ್ಟಿದ್ದಾಳೋ ಇಲ್ಲವೋ, ಮೂವತ್ತು ವರ್ಷದಲ್ಲಿ ಅವಳು ಕೇಳಿರಲಿಲ್ಲ. ಅದನ್ನು ಬಾಯಿ ಬಿಟ್ಟು ಕೇಳುವುದು ಹೇಗೆ?

ಈಗ ಹೊನ್ನವ್ವನಿಗೆ ಮರೆವು ಹತ್ತಿತ್ತು. ಯುಗಾದಿಗೆ ಕೇಳಿದರೆ ಎಂಟು ಹೆಸರು ಹೇಳಿದಳು. ನಾಗರಪಂಚಮಿಗೆ ಏಳು. ಮಹಾನವಮಿಗೆ ಆರು!

ಆಗ ಗದಗಿನಲ್ಲಿ ಮಾಸ್ತರಿಕೆ ಮಾಡುವ ಪಾರವ್ವನ ಅಣ್ಣ ತನ್ನ ಹಳೆಯ ಟ್ಯಾಬು ತಂದುಕೊಟ್ಟ. ರೊಟ್ಟಿ ಬಡಿಯುವ ಹಲಗೆಯ ಅರ್ಧದಷ್ಟಿತ್ತು. "ತಂಗೀ, ಇದರಾಗ ಹಾಡು ಹಿಡಿದಿಡೋ ಆ್ಯಪ್ ಒಂದು ಹಾಕ್ಕೋರಿ. ಪುಕ್ಕಟೆ ಸಿಗತಾವ. ಅತ್ತೀ ಹಾಡೋದನ್ನ ತುಂಬಿ ಇಟ್ಟರ ನಿನ್ನ ಮರಿಮಕ್ಕಳೂ ಕೇಳಬಹುದು" ಅಂತ ಹೇಳಿ ಬಸ್ಸು ಹತ್ತಿದ.

ಪಾರವ್ವನಿಗೆ ಅಕ್ಷರ ಬಾರದು. ಅಡಿವೆಪ್ಪ ಏಳನೆಯ ಇಯತ್ತೆಯ ತನಕ ಓದಿದ್ದ. ಬೇರೆ ಗತಿಯಿಲ್ಲ.

"ಲೇ ಅಡಿವೆಪ್ಪಾ, ಪುಕ್ಕಟೆ ಇರೋದು ನೋಡಿ ಹಾಕು. ರೊಕ್ಕ ಕೇಳೋದು ಬ್ಯಾಡ. ತಿಳೀತಿಲ್ಲೋ?"

"ತಿಳೀತುಬೇ ಯವ್ವಾ. ಪುಕ್ಕಟೆ ಇರೋದು ಹಾಕ್ತೀನಿ."

ಪಾರವ್ವ ಹೊಲಕ್ಕೆ ಹೋದಳು, ಸಂಜೆಗೆ ಬಂದಳು. ಬಂದು ನೋಡಿದರೆ ಹೊನ್ನವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಮೊಣಕಾಲ ಮೇಲೆ ಟ್ಯಾಬು.

"ಪಾರೂ, ನಿಮ್ಮಣ್ಣ ಚಲೋ ಸಾಮಾನು ಕೊಟ್ಟಾನ ನೋಡು. ಕಾಲುನೋವಿಗೆ ಭಾಳ ಹಿತ. ಹಂಚಿನಂಗ ಕಾದದ!"

ಪಾರವ್ವ ಮುಟ್ಟಿ ನೋಡಿದಳು. ಹೌದು, ಸುಡುತ್ತಿತ್ತು! ಟಿಣ್ ಅನ್ನುತ್ತಿತ್ತು, ಟುಂಯ್ ಅನ್ನುತ್ತಿತ್ತು.

"ಏನ್ ಮಾಡಿದೆಪಾ ಇದಕ್ಕ?"

"ಪುಕ್ಕಟೆ ಇದ್ದದ್ದು ಹಾಕಿದೆಬೇ. ಇನ್ನೂ ಭಾಳ ಅದಾವ, ಒಳಗ ಜಾಗಾ ಇಲ್ಲ ಅಂತದ. ಅರವತ್ನಾಲ್ಕು ಹಾಕೀನಿ!"

"ಅರವತ್ನಾಲ್ಕು ಏನವು?"

"ಸಮುದ್ರದಾಗ ಹಡಗ ಎಲ್ಲೆಲ್ಲಿ ಅದಾವ ಅಂತ ತೋರಸ್ತದ ಒಂದು. ಬಸುರಿ ಹೆಣ್ಣುಮಗಳು ಯಾವ ತಿಂಗಳದಾಗ ಏನು ತಿನ್ನಬೇಕು ಅಂತ ಹೇಳತದ ಒಂದು. ಚೀನಾ ಮಾತು ಕಲಸ್ತದ ಒಂದು. ಜ್ಯೋತಿಷ್ಯ ಹೇಳೋವು ನಾಕು. ನಾಲ್ಕೂ ಬ್ಯಾರೆ ಬ್ಯಾರೆ ಹೇಳ್ತಾವ."

"ಹಾಡು ಹಿಡಿಯೋದು?"

ಅಡಿವೆಪ್ಪ ತಲೆ ಕೆರೆದುಕೊಂಡ. "ಅದಕ್ಕಷ್ಟ ಜಾಗಾ ಸಾಲಲಿಲ್ಲಬೇ."

"ಅಯ್ಯೋ ನನ್ನ ಕರ್ಮವೇ! ಪುಕ್ಕಟೆ ಅಂತ ಕಂಡದ್ದೆಲ್ಲಾ ತುಂಬ್ತಾರೇನೋ?"

"ನೀನ ಹೇಳಿದೆಲ್ಲಬೇ ಯವ್ವಾ!"

"ನಮಗ ಯಾವುದು ಬೇಕೋ ಅದೊಂದನ್ನ ಇಟ್ಟುಕೊಂಡು, ಉಳಿದದ್ದನ್ನೆಲ್ಲಾ ತಗದು ಹೊರಗ ಹಾಕಬೇಕು. ತಿಳೀತಿಲ್ಲೋ?"

"ತಿಳೀತುಬೇ ಯವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಅರವತ್ನಾಲ್ಕನ್ನೂ ತೆಗೆದ. ಟ್ಯಾಬು ತಣ್ಣಗಾಯಿತು. ಹೊನ್ನವ್ವನಿಗಷ್ಟೇ ಬೇಸರವಾಯಿತು.

ಮರುದಿನ ಸೋಮವಾರ. "ದೇವರ ಜಗಲಿ ಧೂಳಾಗೇದ, ಒಂಚೂರು ಹಸನ ಮಾಡೋ" ಅಂತ ಹೇಳಿ ಪಾರವ್ವ ನೀರಿಗೆ ಹೋದಳು. ಆ ಜಗಲಿಯ ಮೇಲೆ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ದೇವರ ಪಟಗಳೇ ಒಂಬತ್ತಿದ್ದವು. ಪಾರವ್ವ ಕೊಡ ಹೊತ್ತು ತಿರುಗಿ ಬಂದರೆ ಬೀದಿಯಲ್ಲಿ ಮಂದಿಯೋ ಮಂದಿ! ಕಟ್ಟೆಯ ಮೇಲೆ ಎಂಟು ದೇವರು ಸಾಲಾಗಿ ಕೂತಿವೆ. ಹೋಗುವವರು ಬರುವವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದಾರೆ. ಒಬ್ಬ ಮುದುಕಿ ಕಾಯಿ ಒಡೆಸಲು ಪೂಜಾರಿಯನ್ನು ಹುಡುಕುತ್ತಿದ್ದಾಳೆ.

"ಏನು ವಿಶೇಷ ತಾಯೀ, ಯಾವ ಪೂಜಾ?" ಅಂತ ಊರ ಅಯ್ಯನವರೇ ನಿಂತು ಕೇಳಿದರು.

ಪಾರವ್ವನಿಗೆ ಭೂಮಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಕೊಡ ಇಳಿಸಿ ಒಳಗೆ ಓಡಿದಳು.

"ಲೇ ಖೋಡೀ! ದೇವರನ್ನ ಹೊರಗ ಹಾಕ್ತಾರೇನೋ!"

"ನೀನ ಹೇಳಿದೆಲ್ಲಬೇ ಯವ್ವಾ! ಬೇಕಾದ್ದೊಂದ ಇಟ್ಟುಕೊಂಡು ಉಳಿದದ್ದು ಹೊರಗ ಅಂತ. ಈಗ ನಮಗ ಬೇಕಾದ್ದು ಹಾಡು. ಅದಕ್ಕ ವೀಣಾ ಹಿಡಿದ ಸರಸ್ವತೀನ್ನ ಒಳಗಿಟ್ಟೀನಿ. ಉಳಿದವರಿಗೆ ಕೈಮುಗಿದು 'ಸಿಟ್ಟಾಗಬ್ಯಾಡ್ರಿ' ಅಂತ ಹೇಳೇ ಕಳಿಸೀನಿ."

ಮೂಲೆಯಿಂದ ಹೊನ್ನವ್ವ ಕಿಸಕ್ಕನೆ ನಕ್ಕಳು. ಪಾರವ್ವನಿಗೆ ಅಳು ಬಂತು. ದೇವರುಗಳನ್ನು ಒಬ್ಬೊಬ್ಬರಾಗಿ ಒಳಗೆ ತಂದು, ತಪ್ಪಾಯಿತು ಅಂತ ಕೆನ್ನೆ ಬಡಿದುಕೊಂಡು, ಅಣ್ಣನಿಗೆ ಫೋನು ಹಚ್ಚಿಸಿದಳು. ಅವನು ಹೇಳಿದ್ದನ್ನು ಮಗನಿಗೆ ಹೇಳಿದಳು.

"ಕೇಳಿಲ್ಲಿ. ಇಡೋದಿರಲಿ, ತಗಿಯೋದಿರಲಿ, ಮೊದಲ ನಾಕು ಮಂದಿ ಏನಂತಾರ ನೋಡಬೇಕು. ತಗೊಂಡವರು ಅದಕ್ಕ ಎಷ್ಟು ಚುಕ್ಕಿ ಕೊಟ್ಟಾರ ಅಂತ ಅದರ ಮ್ಯಾಲೇ ಬರದಿರತದಂತ. ಐದಕ್ಕ ನಾಕು ಚುಕ್ಕಿಯರ ಇದ್ದರಷ್ಟ ಒಳಗ ತಗೋ. ಇಲ್ಲಂದರ ಮುಟ್ಟಬ್ಯಾಡ."

"ತಿಳೀತುಬೇ ಯವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಮಾಡಿದ ನೋಡಿ! ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಆ್ಯಪ್ ಹುಡುಕಿ ಹಾಕಿದ. ಪುಕ್ಕಟೆ, ನಾಲ್ಕೂವರೆ ಚುಕ್ಕಿ, ಲಕ್ಷ ಲಕ್ಷ ಮಂದಿ ತೆಗೆದುಕೊಂಡದ್ದು, ಜಾಗವೂ ಕಡಿಮೆ. ಪಾರವ್ವನಿಗೆ ನಂಬಿಕೆಯೇ ಬರಲಿಲ್ಲ. ಮಗನ ತಲೆ ಸವರಿದಳು. "ಆತು, ನಾಳೆ ಮುಂಜಾನೆ ಆಯಿನ್ನ ಕೂಡಿಸಿ ಹಾಡಿಸೋಣು" ಅಂದಳು. ಆ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

ಅಷ್ಟರಲ್ಲಿ ಪಕ್ಕದ ಮನೆಯ ಕಾಶವ್ವ ಹೊರಗಿನಿಂದಲೇ ಕೂಗಿದಳು. "ಅಡಿವೆಪ್ಪಾ, ಬಾರೋ! ನಿಮ್ಮ ಆಯಿಗೆ ನಾಕು ಹೋಳಿಗಿ ಕೊಡತೀನಿ. ಬಿಸೀ ಅದಾವ, ಲಗೂನ ಒಯ್ಯಿ."

ಸೋಮವಾರದ ಒಪ್ಪತ್ತು ಮಾಡಿ ಹಸಿದು ಕೂತಿದ್ದ ಹೊನ್ನವ್ವನ ಬಾಯಲ್ಲಿ ನೀರೂರಿತು. ಪಕ್ಕದ ಮನೆ ಎಂದರೆ ಹತ್ತು ಹೆಜ್ಜೆ. ಆದರೆ ಹತ್ತು ಹೆಜ್ಜೆಗೆ ಹೋದ ಅಡಿವೆಪ್ಪ ಒಂದು ತಾಸಾದರೂ ಬರಲಿಲ್ಲ. ಕೊನೆಗೆ ಬಂದ. ತಟ್ಟೆ ಖಾಲಿ. ಎಡಗೈ ತುಂಬ, ಮುಂಗೈಯಿಂದ ಮೊಣಕೈ ತನಕ, ಸುಣ್ಣದ ಚುಕ್ಕಿ!

"ಯವ್ವಾ! ನಾಲ್ಕೂವರಿ ಬಂತುಬೇ! ಏಳು ಮಂದಿ ಚಲೋ ಅಂದರು. ಹಲ್ಲಿಲ್ಲದ ನಿಂಗಜ್ಜ ಒಬ್ಬನ ಬೆಲ್ಲ ಕಡಿಮಿ ಅಂತ ಒಂದ ಚುಕ್ಕಿ ಕೊಟ್ಟ. ಇಲ್ಲಂದರ ಐದಕ್ಕ ಐದು ಬರತಿತ್ತು. ಕಣ್ಣು ಮುಚ್ಚಿ ಒಳಗ ತಗೋಬಹುದು!"

"ಏನು ತಗೋಳ್ಳಲೋ? ಹೋಳಿಗಿ ಎಲ್ಲಿ?"

"ಚುಕ್ಕಿ ಕೊಟ್ಟವರು ತಿಂದರಲ್ಲಬೇ. ತಿನ್ನಲಾರದ ಹೆಂಗ ಕೊಡತಾರ?"

ಹೊನ್ನವ್ವ ಖಾಲಿ ತಟ್ಟೆಯ ತುಪ್ಪದಲ್ಲಿ ಬೆರಳಾಡಿಸಿ ನೆಕ್ಕಿದಳು. "ನಿಂಗಜ್ಜ ಹೇಳಿದ್ದು ಖರೆ ಅದ. ಬೆಲ್ಲ ಕಡಿಮಿನೇ" ಅಂದಳು.

ಪಾರವ್ವ ಹಣೆ ಚಚ್ಚಿಕೊಂಡಳು. "ಲೇ ಹುಚ್ಚಪ್ಪಾ! ಕೇಳಿದವರಿಗೆಲ್ಲಾ ಕೊಟ್ಟು ಬರ್ತಾರೇನೋ? ಆ ಆ್ಯಪಿನವೂ ಹಂಗ ಅಂತ, ನಿಮ್ಮ ಮಾವ ಹೇಳ್ಯಾನ. ನಿಮ್ಮ ಫೋಟೋ ಕೊಡ್ರಿ, ನಿಮ್ಮ ಮಂದಿ ನಂಬರ ಕೊಡ್ರಿ, ನೀವೆಲ್ಲಿ ಹೋಗತೀರಿ ಹೇಳ್ರಿ ಅಂತ ಕೇಳ್ತಾವಂತ. ಯಾರು ಏನು ಕೇಳಿದರೂ 'ಅನುಮತಿ ಇಲ್ಲ' ಅಂದುಬಿಡು. ತಿಳೀತಿಲ್ಲೋ?"

"ತಿಳೀತುಬೇ ಯವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಮರುದಿನ ಮುಂಜಾನೆ. ಹೊನ್ನವ್ವನಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಕಂಬಳಿ ಹಾಸಿ ಕೂಡಿಸಿದರು. ಎದುರಿಗೆ ಟ್ಯಾಬು. ಪಾರವ್ವ ಊದಿನಕಡ್ಡಿ ಹಚ್ಚಿ, "ಹಾಡ್ರಿ ಅತ್ತೀ" ಅಂದು, ಅಡಿಗೆ ಮನೆಗೆ ಹೋಗಿ ಉಸಿರು ಬಿಗಿಹಿಡಿದು ಕೂತಳು. ಹೊನ್ನವ್ವ ಅಲ್ಲಿ ನಿಂತು, ಇಲ್ಲಿ ತಡವರಿಸಿ, ಹೇಗೋ ಆರು ಹೆಸರು ಹೇಳಿದಳು. ಗಂಟಲು ಒಣಗಿತು.

"ಅಡಿವ್ಯಾ, ನೀರ ಕೊಡೋ."

"ಅನುಮತಿ ಇಲ್ಲ!"

"ಆಂ?"

"ಅನುಮತಿ ಇಲ್ಲ!"

ಬಾಗಿಲಲ್ಲಿ ಕಾಶವ್ವ ಬಂದು ನಿಂತಳು. "ನನ್ನ ತಟ್ಟಿ ಕೊಡೋಪಾ."

"ಅನುಮತಿ ಇಲ್ಲ!"

"ನನ್ನ ತಟ್ಟಿಗೆ ನಿನ್ನ ಅನುಮತಿ ಏನೋ ಮೀಸಿಮಾವಾ!"

ಗದ್ದಲ ಕೇಳಿ ಪಾರವ್ವ ಹೊರಗೆ ಬಂದಳು. ಅತ್ತೆಗೆ ನೀರು ಕೊಟ್ಟಳು, ಕಾಶವ್ವನಿಗೆ ತಟ್ಟೆ ಕೊಟ್ಟಳು. ಆಮೇಲೆ ಆಸೆಯಿಂದ, "ಎಲ್ಲಿ, ಹಾಡು ಕೇಳಸೋ" ಅಂದಳು.

ಅಡಿವೆಪ್ಪ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಒಂದು ಸೊಳ್ಳೆಯ ಸದ್ದೂ ಇಲ್ಲ!

"ಶುರು ಮಾಡುವಾಗ ಅದು ಏನರ ಕೇಳಿತೇನೋ?"

"ಕೇಳಿತುಬೇ. 'ಮೈಕು ಬಳಸಲಿಕ್ಕೆ ಅನುಮತಿ ಕೊಡತೀರೇನು' ಅಂತ. ನಾ ಬಿಡತೀನೇನು? ಇಲ್ಲ ಅಂದೆ!"

ಪಾರವ್ವ ಅಲ್ಲೇ ಕೂತುಬಿಟ್ಟಳು.

"ನೀನ ಹೇಳಿದೆಲ್ಲಬೇ ಯವ್ವಾ..."

"ಹೌದಪಾ, ನಾನ ಹೇಳಿದೆ. ಹಾಡು ಕೇಳಬೇಕಂದರ ಅದಕ್ಕ ಕಿವಿ ಬೇಕೋ ಬ್ಯಾಡೋ? ಕೆಲಸಕ್ಕ ಬೇಕಿಲ್ಲದ್ದು ಕೇಳಿದರ ಇಲ್ಲ ಅನ್ನು. ಆದರ ಹಾಡಿಗೆ ಏನೇನು ಬೇಕು ಅಂತಾರೋ, ಅದಕ್ಕೆಲ್ಲಾ ಹೂಂ ಅಂದು ಕೊಟ್ಟುಬಿಡು. ಹಿಂದ ಮುಂದ ನೋಡಬ್ಯಾಡ. ತಿಳೀತಿಲ್ಲೋ?"

"ತಿಳೀತುಬೇ ಯವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಪಾರವ್ವ ಕಡಲೆ ಹೊಲದ ಕಸ ತೆಗೆಯಲು ಹೋದಳು. ಹೋಗುವಾಗ ಅತ್ತೆಯ ಕಡೆ ನೋಡಿದಳು. ಹೊನ್ನವ್ವ ಬಾಯಲ್ಲೇ ಎಣಿಸುತ್ತಿದ್ದಳು: "ಸಂಗವ್ವ, ಗಿರಿಜವ್ವ, ಬಾಳವ್ವ... ಆಮ್ಯಾಲ ಯಾರು?" ನಾಲ್ಕನೆಯದೇ ಬರುತ್ತಿಲ್ಲ! ಹೊಲದಲ್ಲಿ ಪಾರವ್ವ ಕಸ ಬಿಟ್ಟು ಕಡಲೆ ಗಿಡವನ್ನೇ ಎರಡು ಸಲ ಕಿತ್ತಳು. ಮುಗೀತು, ಹಾಡು ಹೋಯಿತು. ನನ್ನ ಹೆಸರು ಅದರಲ್ಲಿತ್ತೋ ಇಲ್ಲವೋ, ಅದೂ ತಿಳಿಯದೆ ಹೋಯಿತು. ಹಾಗೆ ಅಂದುಕೊಂಡಳು.

ಇತ್ತ ಮನೆಯಲ್ಲಿ ಅಡಿವೆಪ್ಪ ಟ್ಯಾಬು ಎದುರಿಗಿಟ್ಟು, ಮೈಕಿಗೆ 'ಹೂಂ' ಅಂದು ಕೂತ. ಹೊನ್ನವ್ವ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಸಿಟ್ಟಿಗೆದ್ದಳು.

"ಈ ಗಾಜಿನ ಮುಂದ ಕೂತು ಹಾಡಂದರ ಹೆಂಗ ಬರಬೇಕೋ? ಆ ಹಾಡಿಗೆ ಬೀಸೋ ಕಲ್ಲು ಬೇಕು! ಕೈಯಾಗ ಗೂಟ ಬೇಕು! ಹಿಡಿ ಹಿಡಿ ಜೋಳ ಬೇಕು! ಎದುರಿಗೆ ಸೀರಿ ಉಟ್ಟ ಸೊಸಿ ಬೇಕು! ಎಲ್ಲಿಂದ ತರತೀ?"

ಬೈಗುಳವದು. ಆದರೆ ಅಡಿವೆಪ್ಪನಿಗೆ ಬೇರೆಯೇ ಕೇಳಿಸಿತು. ಹಾಡಿಗೆ ಬೇಕು, ಹಾಡಿಗೆ ಬೇಕು, ಹಾಡಿಗೆ ಬೇಕು! ಬೆರಳು ಮಡಚಿದ. ನಾಲ್ಕು ಬೇಕು.

ಎದ್ದ. ಬೀಸುವ ಕಲ್ಲಿನ ಕೆಳಗಿನ ಹೋಳು ಮೂವತ್ತು ವರ್ಷದಿಂದ ಬಚ್ಚಲಿಗೆ ಮೆಟ್ಟಿಲಾಗಿ ಬೋರಲು ಬಿದ್ದಿತ್ತು. ಹಾರೆ ಹಾಕಿ ಕಿತ್ತ. ಬಚ್ಚಲ ಗೋಡೆಯ ಮೂಲೆಯೂ ಜೊತೆಗೇ ಬಂತು! ಮೇಲಿನ ಹೋಳಿಗೆ ಹಿತ್ತಲಲ್ಲಿ ಕರು ಕಟ್ಟಿದ್ದರು. ಕರು ಬಿಚ್ಚಿದ, ಕಲ್ಲು ತಂದ, ಎರಡೂ ಹೋಳು ತೊಳೆದು ಒರೆಸಿದ. ಕರು ಕುಣಿದುಕೊಂಡು ಕಾಶವ್ವನ ಮೆಂತ್ಯೆ ಮಡಿಗೆ ಹೋಯಿತು. ಕುಡುಗೋಲಿನ ಹಿಡಿಕೆ ಮುರಿದು ಗೂಟ ಮಾಡಿ ಬಡಿದ. ಜೋಳ ಎಲ್ಲಿ? ಅಟ್ಟದ ಮೇಲೆ ಬಿತ್ತನೆಗೆ ಇಟ್ಟ ಗಡಿಗೆ ಇತ್ತು. ಇಳಿಸಿ ಬುಟ್ಟಿಗೆ ಸುರಿದ. ಸೊಸೆ? ಸೊಸೆ ಎಲ್ಲಿಂದ? ಟ್ರಂಕು ತೆಗೆದ, ಅವ್ವನ ಮದುವೆಯ ಇಳಕಲ್ ಸೀರೆ ಹೊರಗೆಳೆದ, ಪ್ಯಾಂಟಿನ ಮೇಲೆಯೇ ಸುತ್ತಿಕೊಂಡ, ತಲೆಯ ಮೇಲೆ ಸೆರಗು ಹೊದ್ದ, ಮೀಸೆಯ ಮೇಲೆ ಬೆರಳಾಡಿಸಿ ಅಜ್ಜಿಯ ಎದುರಿಗೆ ಬಂದು ಕೂತ.

"ಹಾಡಬೇ ಆಯೀ. ಎಲ್ಲಾ ಬಂತು."

ಹೊನ್ನವ್ವ ನಗಲಿಲ್ಲ. ಅವಳ ಕಣ್ಣು ಕಲ್ಲಿನ ಮೇಲಿತ್ತು. ಕೈ ತಾನಾಗಿಯೇ ಹೋಗಿ ಗೂಟ ಹಿಡಿಯಿತು. ಎದುರಿನಿಂದ ಇನ್ನೊಂದು ಕೈ ಬಂದು ಅದರ ಮೇಲೆ ಕೂತಿತು. ಕಲ್ಲು ಗರ್ ಅಂತು. ಒಂದು ಸುತ್ತು. ಎರಡು ಸುತ್ತು.

ಪಾರವ್ವ ಮಧ್ಯಾಹ್ನ ತಿರುಗಿ ಬಂದಾಗ ಮೊದಲು ಕಂಡದ್ದು ಕರು. ಆಮೇಲೆ ಕರುವಿನ ಹಿಂದೆ ಓಡುವ ಕಾಶವ್ವ. ಆಮೇಲೆ ಮೆಟ್ಟಿಲಿಲ್ಲದ ಬಚ್ಚಲು. ಆಮೇಲೆ ಬೀಜದ ಖಾಲಿ ಗಡಿಗೆ. ಆಮೇಲೆ ತನ್ನ ಮದುವೆ ಸೀರೆಯಲ್ಲಿ ಮಗ! ಕೈಗೆ ಸಿಕ್ಕ ಕಸಬರಿಗೆ ಎತ್ತಿದಳು. ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತು.

ಕಲ್ಲು ತಿರುಗುತ್ತಿತ್ತು. ಹೊನ್ನವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಏಳನೆಯ ಹಿಡಿ, ಏಳನೆಯ ಹೆಸರು! ಎಂಟನೆಯ ಹಿಡಿ, ಎಂಟನೆಯ ಹೆಸರು! ಒಂದೂ ಎಡವಲಿಲ್ಲ. ಒಂಬತ್ತು. ಹತ್ತನೆಯ ಹಿಡಿಗೆ ತನ್ನ ಹೆಸರನ್ನೇ ತಾನು ಹೇಳಿಕೊಂಡು ನಾಚಿದಳು. ಪಾರವ್ವ ಕಂಬ ಹಿಡಿದಳು. ಇನ್ನು ನಿಲ್ಲುತ್ತದೆ, ಇಷ್ಟೇ.

ಹೊನ್ನವ್ವ ಮತ್ತೊಂದು ಹಿಡಿ ಜೋಳ ಹಾಕಿದಳು.

"ಹನ್ನೊಂದನೆ ಹಿಡಿಯ ಹಾಕೇನ ಕಲ್ಲಿಗೆ
ಹೊಳಿಯಾಚೆ ಊರಿಂದ ಪಾರವ್ವ ಬಂದಾಳ
ಹಗಲೆಲ್ಲ ದುಡದಾಳ, ತೌರ ಮರತಾಳ."

ಕಸಬರಿಗೆ ಕೈಯಿಂದ ಜಾರಿ ಬಿತ್ತು. ಮೂವತ್ತು ವರ್ಷ! ಕಟ್ಟಿ ಇಟ್ಟಿದ್ದಳು ಅತ್ತೆ. ಕಲ್ಲು ತಿರುಗದೆ ಬಾಯಿಗೆ ಬಂದಿರಲಿಲ್ಲ, ಅಷ್ಟೇ. ಪಾರವ್ವ ನಿಂತಲ್ಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಆದರೆ ಹೊನ್ನವ್ವ ಈಗ ಹುರುಪಿಗೆ ಬಂದಿದ್ದಳು. ಕಣ್ಣು ತೆರೆದಳು. ಎದುರಿಗೆ ಸೆರಗು ಹೊದ್ದ ಮೀಸೆ ಕಂಡಿತು. ಇನ್ನೊಂದು ಹಿಡಿ ಜೋಳ ತೆಗೆದುಕೊಂಡಳು.

"ಹನ್ನೆರಡನೆ ಹಿಡಿಯ ಹಾಕೇನ ಕಲ್ಲಿಗೆ
ಮೀಸಿಯ ಸೊಸಿಯೊಬ್ಬ ಅಡಿವೆಪ್ಪ ಬಂದಾನ
ಬಚ್ಚಲ ಕಲ್ಲನ್ನ ಬೆಳ್ಳಗ ಮಾಡ್ಯಾನ."

ಕಲ್ಲು ನಿಂತಿತು. ಟ್ಯಾಬು ಏನೋ ಕೇಳಿತು.

"ಉಳಿಸಬೇಕೇನು ಅಂತ ಕೇಳತದಬೇ ಯವ್ವಾ" ಅಂದ ಅಡಿವೆಪ್ಪ. "ಹಾಡಿಗೆ ಬೇಕೇನು ಇದು?"

"ಬೇಕೋ! ಬೇಕು! ಹೂಂ ಅನ್ನೋ!" ಪಾರವ್ವ ಹೊಸ್ತಿಲು ಹಾರಿ ಬಂದಳು.

ಅಡಿವೆಪ್ಪ ಒತ್ತಿದ. ಉಳಿಯಿತು! ಮತ್ತೆ ಒತ್ತಿದ, ಟ್ಯಾಬಿನೊಳಗಿಂದ ಕಲ್ಲು ಗರ್ ಅಂತು, ಸಂಗವ್ವನಿಂದ ಹಿಡಿದು ಎಲ್ಲರೂ ಒಬ್ಬೊಬ್ಬರಾಗಿ ಬಂದರು. ಕರು ಹಿಡಿದುಕೊಂಡು ಜಗಳಕ್ಕೆ ಬಂದ ಕಾಶವ್ವ ಕರುವಿನ ಸಮೇತ ಒಳಗೇ ಕೂತುಬಿಟ್ಟಳು. ಓಣಿಯ ಹೆಣ್ಣುಮಕ್ಕಳು ಕೂಡಿದರು. ಉಳಿದ ಬೀಜದ ಜೋಳವನ್ನೂ ಬೀಸಿ ಆ ಹಿಟ್ಟಿನಲ್ಲಿಯೇ ರೊಟ್ಟಿ ಬಡಿಯುವುದೆಂದಾಯಿತು. ಎಲ್ಲರೂ ತಿಂದರು, ಎಲ್ಲರೂ ಕೇಳಿದರು. ಪಾರವ್ವನ ನುಡಿಯನ್ನು ಮೂರು ಸಲ ಕೇಳಿದರು. ಹನ್ನೆರಡನೆಯದನ್ನು ಎಷ್ಟು ಸಲ ಕೇಳಿದರೋ, ಲೆಕ್ಕವಿಲ್ಲ!

"ಇದನ್ನ ತಗದು ಹಾಕಾಕ ಬರೂದಿಲ್ಲೇನ್ರಿ?" ಅಂತ ಯಾರೋ ಕೇಳಿದರು.

"ಹಾಡಿನೊಳಗ ಬಂದ ಸೊಸೀನ್ನ ಹೊರಗ ಹಾಕೂದಿಲ್ಲ" ಅಂದಳು ಹೊನ್ನವ್ವ. ಮಾತು ಮುಗಿಯಿತು. ಇವತ್ತಿಗೂ ಆ ಓಣಿಯಲ್ಲಿ ಮದುವೆಯ ಅರಿಷಿಣ ಬೀಸುವಾಗ ಅಡಿವೆಪ್ಪನ ಹೆಸರು ಬಿಡದೆ ಹಾಡುತ್ತಾರಂತೆ.

ಪಾರವ್ವ ಮಗನ ಹತ್ತಿರ ಬಂದಳು. ಬೈಯಲಿಲ್ಲ. ಹೊಸದೇನೂ ಬುದ್ಧಿ ಹೇಳಲಿಲ್ಲ. ಅವನ ಕೆನ್ನೆಯ ಹಿಟ್ಟು ಒರೆಸಿ, "ನನ್ನ ಅಪ್ಪಾ, ಸೀರಿ ಬಿಚ್ಚಿಡು. ಸಾಕಿನ್ನ" ಅಂದಳು.

ಅಡಿವೆಪ್ಪ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡ. ತಲೆ ತಗ್ಗಿಸಿದ. ಬಾಗಿ ಅವಳ ಕಾಲು ಮುಟ್ಟಿದ.

"ಹಂಗ ಹೆಂಗ ಆಕ್ಕೈತ್ರಿ ಅತ್ತೀ? ಮಂದಿ ಇನ್ನೂ ಉಣ್ಣಾಕ ಹತ್ಯಾರ. ನಾ ಇನ್ನಷ್ಟು ರೊಟ್ಟಿ ಬಡೀಲೇನ್ರೀ?"

ಕತೆ ಇಷ್ಟು. ಓದಿದವರು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಮೊದಲು ಅವರಿಗೆ ಹೇಳಿ, ಅವರು ನಕ್ಕ ಮೇಲೆ ಮಕ್ಕಳಿಗೆ ಹೇಳಿ. ಅವರು ಮತ್ತೊಬ್ಬರಿಗೆ ಹೇಳಲಿ. ಶಿವನು ಎಲ್ಲರ ಬಾಯಲ್ಲಿ ಒಂದು ಕತೆಯನ್ನಾದರೂ ಉಳಿಸಲಿ.